ಎಣ್ಣೆ ಹತ್ತಿದ ಕಲ್ಲು

ಅಕಾಂಥಸ್ ಎಂಬ ಗಿಡವನ್ನು ನಾನು ಇವತ್ತಿನವರೆಗೂ ಕಣ್ಣಾರೆ ಕಂಡಿಲ್ಲ. ಅದರ ಎಲೆಯನ್ನು ಮಾತ್ರ ಲೆಕ್ಕವಿಲ್ಲದಷ್ಟು ಸಲ ಬರೆದಿದ್ದೇನೆ, ಮಕ್ಕಳಿಂದ ಬರೆಸಿದ್ದೇನೆ, ಕೆಂಪು ಪೆನ್ಸಿಲಿನಿಂದ ತಿದ್ದಿದ್ದೇನೆ. ಗ್ರೀಸ್ ದೇಶದ ಕಂಬಗಳ ನೆತ್ತಿಯ ಮೇಲೆ ಅದನ್ನು ಕೆತ್ತುತ್ತಿದ್ದರಂತೆ. ಮದರಾಸಿನಲ್ಲಿ ಡ್ರಾಯಿಂಗ್ ಮೇಷ್ಟ್ರ ತರಬೇತಿಗೆ ಸೇರಿದ ದಿನವೇ ಆ ಎಲೆಯ ಪ್ಲಾಸ್ಟರ್ ಅಚ್ಚೊಂದನ್ನು ನಮ್ಮ ಮುಂದಿಟ್ಟು ಬರೆಯಿರಿ ಎಂದರು. ಬರೆದೆ. ಊರಿಗೆ ವಾಪಸು ಬಂದು ಮೇಷ್ಟ್ರಾದ ಮೇಲೆ ಅದನ್ನೇ ಬರೆಸಿದೆ. ಬೇವಿನ ಎಲೆ, ಎಕ್ಕದ ಎಲೆ, ಹತ್ತಿಯ ಎಲೆ ಕಿಟಕಿಯಾಚೆಗೇ ಇದ್ದವು. ಅವು ಪರೀಕ್ಷೆಗೆ ಬರುತ್ತಿರಲಿಲ್ಲ.

ಕಲೆಯ ಇತಿಹಾಸ ಎಂದು ನಮಗೊಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಗ್ರೀಕರು, ರೋಮನರು, ಇಟಲಿಯವರು, ಆಮೇಲೆ ಫ್ರಾನ್ಸು, ಇಂಗ್ಲೆಂಡು. ಕೊನೆಯ ಕೆಲವು ಹಾಳೆಗಳಲ್ಲಿ ಪರ್ಷಿಯಾ, ಚೀನಾ, ಇಂಡಿಯಾ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದ್ದರು. ನಮ್ಮ ದೇವರಿಗೆ ಕೈ ಜಾಸ್ತಿ, ನಮ್ಮ ಗುಡಿಗೆ ಅಲಂಕಾರ ಜಾಸ್ತಿ ಎಂಬುದು ಅದರ ಸಾರಾಂಶ. ಪಾಠ ಹೇಳುವವರು ಆ ಹಾಳೆಗಳನ್ನು ಓದಿಸದೆ ಪುಸ್ತಕ ಮುಚ್ಚಿದರು. ಕುರುಗೋಡಿನ ಗುಡಿಗಳನ್ನು ಹುಡುಗನಾಗಿದ್ದಾಗಿನಿಂದ ನೋಡಿದ್ದ ನಾನು ಕೈ ಎತ್ತಿ ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಲಿಲ್ಲ. ಓದುವ ಹಾಳೆ ಕಡಿಮೆಯಾಯಿತಲ್ಲ ಎಂದು ಖುಷಿಯೇ ಆಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲ ಕೆಲಸ ಸಿರುಗುಪ್ಪದಲ್ಲಿ. ಯುದ್ಧದ ವರ್ಷಗಳು. ಸಾಲೆಗೆ ಮದರಾಸಿನಿಂದ ಒಂದು ಪ್ಲಾಸ್ಟರ್ ಪಾದ ಬಂದಿತ್ತು, ಯಾರೋ ಗ್ರೀಕ್ ದೇವತೆಯದು. ಭತ್ತದ ಗದ್ದೆಯ ಕೆಸರನ್ನು ತುಳಿದು ಬಂದ ಮಕ್ಕಳ ಮುಂದೆ ಅದನ್ನು ಇಟ್ಟೆ. "ಸಾರ್, ಈ ಕಾಲಿಗೆ ಒಂದು ಬಿರುಕಾದ್ರೂ ಇಲ್ಲಲ್ರಿ, ಇದು ಯಾವೂರ ಸಾಹುಕಾರಂದು?" ಎಂದು ಒಬ್ಬಳು ಕೇಳಿದಳು. ಎಲ್ಲರೂ ನಕ್ಕರು. ನಾನು ಬೈದೆ. ಮನೆಗೆ ಹೋಗುವಾಗ ಆ ಮಾತು ತಲೆಯಲ್ಲೇ ಉಳಿದಿತ್ತು, ಮಾರನೆಯ ದಿನವೂ ಅದೇ ಪಾದವನ್ನೇ ಬರೆಸಿದೆ. ಮೇಷ್ಟ್ರ ಕೆಲಸದಲ್ಲಿ ನನಗೆ ದಣಿವು ಶುರುವಾದದ್ದು ಅಲ್ಲಿಂದಲೇ ಇರಬೇಕು. ಮೈಗೆ ಬಂದ ದಣಿವಾಗಿದ್ದರೆ ಮಲಗಿ ಎದ್ದರೆ ಹೋಗುತ್ತಿತ್ತು.

ಬಳ್ಳಾರಿಗೆ ವರ್ಗವಾದ ವರ್ಷ, ಸಿರುಗುಪ್ಪದಿಂದ ಸಾಮಾನು ಸಾಗಿಸಿಕೊಂಡು ಬರುವಾಗ ಇದ್ದಿಲಿನ ಬಸ್ಸು ಕುರುಗೋಡಿನ ಹತ್ತಿರ ನಿಂತಿತು. ಪೆಟ್ರೋಲು ಸಿಗದ ಕಾಲದ ಬಸ್ಸುಗಳು ಅವು, ಬೆನ್ನಿಗೊಂದು ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಡ್ರೈವರು ಒಲೆಗೆ ಗಾಳಿ ಹಾಕುತ್ತ ಕೂತ. ನಾನು ನೀರು ಹುಡುಕಿಕೊಂಡು ಕೆರೆಯ ಕಡೆ ನಡೆದೆ. ಅಲ್ಲಿ ಬೇವಿನ ಮರದ ಕೆಳಗೆ ಎದೆಯುದ್ದದ ಒಂದು ವೀರಗಲ್ಲು ಓರೆಯಾಗಿ ನಿಂತಿತ್ತು. ಊರಿನ ದನಗಳಿಗಾಗಿ ಹೋರಾಡಿ ಸತ್ತ ಯಾರೋ ಒಬ್ಬನ ನೆನಪಿಗೆ ನಿಲ್ಲಿಸಿದ್ದು. ಅದಕ್ಕೆ ಒಂದು ಎಮ್ಮೆಯನ್ನು ಕಟ್ಟಿದ್ದರು. ಹಿಂಬದಿಗೆ ಸಗಣಿಯ ಕುಳ್ಳು ತಟ್ಟಿದ್ದರು.

ಪಕ್ಕದಲ್ಲೇ ಒಬ್ಬ ಮುದುಕ ಕೂತು ಸವೆದ ಬೀಸುಕಲ್ಲುಗಳನ್ನು ಚಾಣ ಎಂಬ ಕಲ್ಲುಳಿಯಿಂದ ಕುಟ್ಟಿ ಒರಟು ಮಾಡುತ್ತಿದ್ದ. ಕಲ್ಲು ಒಡೆಯುವವರ ಕೇರಿಯವನು. ಒರಳು, ಬೀಸುಕಲ್ಲು, ಹೊಸ್ತಿಲು, ಇಷ್ಟೇ ಆತನ ಕಸುಬು. ನಾನು ಆ ಕಲ್ಲನ್ನು ಮೇಲಿಂದ ಕೆಳಕ್ಕೆ ನೋಡುತ್ತಿದ್ದುದನ್ನು ಕಂಡು ಆತ ಕೆಲಸ ನಿಲ್ಲಿಸಿದ.

"ಹಂಗಲ್ರಿ. ಇದನ್ನ ಕೆಳಗಿಂದ ಮ್ಯಾಲಕ್ಕ ಓದ್ಬೇಕು. ಕೆಳಗ ಸಾಯ್ತಾನ, ನಡುವ ಒಯ್ತಾರ, ಮ್ಯಾಲ ಕುಂದ್ರುತಾನ."

ಓದು ಬರಹ ಬಾರದ ಮುದುಕ ಮದರಾಸಿನ ಸರ್ಟಿಫಿಕೇಟಿನವನಿಗೆ ಓದುವುದನ್ನು ಕಲಿಸಿದ್ದು ಹೀಗೆ. ಕೆಳಗಿನ ಪಟ್ಟಿಯಲ್ಲಿ ದನಗಳು, ಕತ್ತಿ ಹಿಡಿದ ಮೀಸೆಯ ಮನುಷ್ಯ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಂಗಸರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಆಮೇಲೆ ಆತ ನನ್ನ ಕೈಯನ್ನು ಹಿಡಿಯದೆ, ಬೆರಳಿನಿಂದಲೇ ಜಾಗ ತೋರಿಸಿ, ಕಣ್ಣು ಮುಚ್ಚಿ ಮುಟ್ಟಿ ನೋಡಿ ಎಂದ. ಎಡಗಡೆಯ ಆಕಳಿನ ಮೊಣಕಾಲಿನಲ್ಲಿ ಒಂದು ಸಣ್ಣ ಗಂಟು ಬೆರಳಿಗೆ ಸಿಕ್ಕಿತು. ಬಲಗಡೆಯ ಆಕಳಿಗೂ ಗಂಟಿತ್ತು, ಆದರೆ ಅಂಜಿ ಅಂಜಿ ಕೆತ್ತಿದ್ದು, ಆಳವಿಲ್ಲ.

"ಎಡಕಿಂದು ಅಪ್ಪಂದು, ಬಲಕಿಂದು ಮಗಂದು," ಎಂದ ಮುದುಕ. "ಅಪ್ಪ ನಡುವ ಬಿಟ್ಟು ಹೋಗ್ಯಾನ. ಸತ್ತನೋ, ಕಣ್ಣ ಹೋದವೋ ಯಾರಿಗ್ಗೊತ್ತು. ಮಗ ಮುಗಿಸ್ಯಾನ. ಚಾಣದ ಪೆಟ್ಟು ಸುಳ್ಳು ಹೇಳಂಗಿಲ್ರಿ."

ಇಟಲಿಯ ಯಾವುದೋ ಚಿತ್ರದಲ್ಲಿ ದೇವದೂತನ ತಲೆಯನ್ನು ಶಿಷ್ಯ ಬರೆದನೋ ಗುರು ಬರೆದನೋ ಎಂದು ಆ ದಪ್ಪ ಪುಸ್ತಕದಲ್ಲಿ ಹತ್ತು ಪುಟ ಚರ್ಚೆಯಿತ್ತು. ಅದೇ ವಿದ್ಯೆ ಇಲ್ಲಿ ಕೆರೆಯ ದಂಡೆಯಲ್ಲಿ ಕೂತು ಬೀಸುಕಲ್ಲು ಕುಟ್ಟುತ್ತಿತ್ತು. ಬಸ್ಸು ಹಾರನ್ನು ಹೊಡೆದು ಹೊಡೆದು ಸಾಕಾಗಿ, ಕಂಡಕ್ಟರನೇ ಬಂದು ನನ್ನನ್ನು ಎಳೆದುಕೊಂಡು ಹೋದ.

ಆಮೇಲೆ ಎಷ್ಟೋ ಭಾನುವಾರ ಕುರುಗೋಡಿಗೆ ಹೋದೆ. ಅಜ್ಜ ಎಂದೇ ಆತನನ್ನು ಕರೆಯುತ್ತಿದ್ದೆ. ಆತನ ಜೊತೆ ಗುಡಿಗಳ ಹೊರಗೋಡೆ ಸುತ್ತಿದೆ, ಒಳಗೆ ಆತ ಬರುವಂತಿರಲಿಲ್ಲ. ತೆಕ್ಕಲಕೋಟೆಯ ಗುಡ್ಡದ ಬಂಡೆಗಳ ಮೇಲೆ ಯಾವ ಕಾಲದವರೋ ಕುಟ್ಟಿ ಮಾಡಿದ ಗೂಳಿಗಳ ಚಿತ್ರಗಳನ್ನೂ ಆತನೇ ತೋರಿಸಿದ. ಯಾವ ಏಟು ಹೊಸದು, ಯಾವುದು ಹಳೆಯದು, ಯಾವ ಕೈ ಎಡಗೈ ಎಂದು ಹೇಳುತ್ತಿದ್ದ. ನಾನು ಬರೆದುಕೊಳ್ಳುತ್ತಿದ್ದೆ. ಕನ್ನಡದಲ್ಲಿ, ಮಕ್ಕಳಿಗೆ ತಿಳಿಯುವ ಹಾಗೆ, ನಮ್ಮ ಸೀಮೆಯ ಕಲ್ಲುಗಳ ಮೇಲೆ ಹತ್ತು ಪಾಠ ಬರೆದೆ. ಮೊದಲ ಪಾಠ ಆ ವೀರಗಲ್ಲಿನದು, ಅಪ್ಪ ಮಗನ ಕೈಗಳದ್ದು.

ಹೆಡ್ಮಾಸ್ಟರು ಹಾಳೆಗಳನ್ನು ತಿರುವಿ, "ಪರೀಕ್ಷೆಗೆ ಬರ್ತದೇನ್ರೀ?" ಎಂದರು. ಇಲ್ಲ ಎಂದೆ. "ಮತ್ತ್ಯಾಕ್ರೀ ಈ ತಾಪತ್ರಯ?" ಎಂದರು. ಕೆಟ್ಟವರಲ್ಲ ಅವರು, ಅವರೂ ದಣಿದವರೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅವರ ಮುಖ ನೋಡಿಯೇ ಕಟ್ಟಿದ್ದಾರೇನೋ ಎನ್ನಿಸಿತು. ಸ್ವಾತಂತ್ರ್ಯ ಬಂದ ಮೇಲೆ ಗಾಳಿ ಸ್ವಲ್ಪ ತಿರುಗಿತು. ನಮ್ಮ ಕಲೆ, ನಮ್ಮ ಪರಂಪರೆ ಎಂದು ಭಾಷಣಗಳಲ್ಲಿ ಕೇಳಿಬರತೊಡಗಿತು. ಡ್ರಾಯಿಂಗ್ ಇನ್‌ಸ್ಪೆಕ್ಟರರು ಮದರಾಸಿನಿಂದ ಬರುವವರಿದ್ದರು. ಚಿತ್ರಗಳ ಸಮೇತ ಪಾಠ ತೋರಿಸಿ, ಕಲ್ಲನ್ನೂ ತೋರಿಸಿ, ಅವರು ಹೂಂ ಎಂದರೆ ನನ್ನದೇನೂ ಅಡ್ಡಿಯಿಲ್ಲ ಎಂದರು ಹೆಡ್ಮಾಸ್ಟರು.

ಅಜ್ಜನಿಗೆ ಹೇಳಿದೆ. ಅಷ್ಟು ದಿನ ನನ್ನಿಂದ ಒಂದು ಎಲೆ ಅಡಿಕೆ ಬಿಟ್ಟು ಏನನ್ನೂ ಕೇಳದವನು ಅವತ್ತು ಕೇಳಿದ. "ಆ ಸಾಹೇಬ್ರಿಗೆ ಕಲ್ಲು ನಾನ ತೋರಿಸ್ತೀನ್ರಿ ಮೇಷ್ಟ್ರ. ನನ್ನ ಕೈಲೆ. ನಮ್ಮಂಥೋರು ಮಾಡಿದ್ದು ಅಂತ ಒಂದು ಸಲ ದೊಡ್ಡೋರ ಮುಂದ ಹೇಳ್ಬೇಕು ನಾನು. ಅಷ್ಟ." ಆಗಲಿ ಎಂದು ಮಾತು ಕೊಟ್ಟೆ. ಅದು ಸುಲಭದ ಮಾತು ಎಂದೇ ನಾನು ತಿಳಿದಿದ್ದೆ.

ಕಲ್ಲಿನ ಅಚ್ಚು ತೆಗೆಯಬೇಕಿತ್ತು. ಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಿ, ಕುಂಚದಿಂದ ಬಡಿದು, ಒಣಮಸಿಯ ಬಟ್ಟೆಯುಂಡೆಯಿಂದ ಮೇಲೆ ಮೇಲೆ ತಟ್ಟುವುದನ್ನು ಮದರಾಸಿನಲ್ಲಿ ನೋಡಿದ್ದೆ. ಅದಕ್ಕೆ ಬೇಕಾದ ಕಾಗದವೂ ಇಲ್ಲ, ಮಸಿಯೂ ಇಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳನ್ನೆಲ್ಲ ಅಲೆದು ಗಾಳಿಪಟದ ಕಾಗದ ತಂದೆ. ಮನೆಯಲ್ಲಿ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡಿದು ಹರಳೆಣ್ಣೆಯಲ್ಲಿ ಕಲಸಿದೆ. "ಅಷ್ಟು ಕಾಡಿಗಿ ಯಾರ ಕಣ್ಣಿಗ್ರಿ?" ಎಂದು ಹೆಂಡತಿ ಕೇಳಿದಳು. ಯುಗಾದಿಯ ಹಿಂದಿನ ದಿನದ ಬಿಸಿಲು. ಎಮ್ಮೆಯನ್ನು ಬಿಚ್ಚಿ ಆಚೆ ಕಟ್ಟಿ ಕಲ್ಲನ್ನು ತೊಳೆದೆ. ಗಾಳಿಪಟದ ಕಾಗದ ಮೊದಲ ಏಟಿಗೇ ಹರಿಯಿತು. ಎರಡನೆಯದೂ ಹರಿಯಿತು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಯಾವಾಗಲೂ ಬೇಡದ ಕಡೆಗೇ ಹೋಗುತ್ತದೆ. ಉಳಿದ ಎಣ್ಣೆಮಸಿಯನ್ನು ಬಟ್ಟೆಯಲ್ಲಿ ಅದ್ದಿ ನೇರವಾಗಿ ಕಲ್ಲಿಗೇ ತಿಕ್ಕಲು ಹೋದೆ, ಉಬ್ಬಿದ್ದೆಲ್ಲ ಕಪ್ಪಾಗಿ ಎದ್ದು ಕಂಡರೆ ನೋಡಿಕೊಂಡು ಬರೆಯಬಹುದಲ್ಲ ಎಂದು.

"ಎಣ್ಣಿ ಬ್ಯಾಡ್ರಿ," ಎಂದ ಅಜ್ಜ, ಎದ್ದು ನಿಂತು. "ಎಣ್ಣಿ ಹತ್ತಿದ ಕಲ್ಲು ನಮ್ದಾಗಿ ಉಳಿಯಂಗಿಲ್ಲ."

"ಮಳಿ ಬಂದ್ರ ತೊಳಕೊಂಡು ಹೋಗ್ತದಜ್ಜ," ಎಂದು ನಕ್ಕು ತಿಕ್ಕಿದೆ. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿ ಕಂಡಿತು. ವೀರನ ಮೀಸೆ, ಹೆಂಗಸರ ಮಡಿಲು, ಆಕಳಿನ ಗಂಟು, ಎಲ್ಲ ಎದ್ದು ಬಂದವು. ಸಂಜೆಯವರೆಗೆ ಕೂತು ಬರೆದೆ. ನಡುವೆ ಹಸಿವಾಗಿ, ಚೀಲದಲ್ಲಿದ್ದ ತೆಂಗಿನಕಾಯಿಯನ್ನು ಅಲ್ಲೇ ಪಕ್ಕದ ಗುಂಡುಕಲ್ಲಿಗೆ ಒಡೆದು, ಬೆಲ್ಲದ ಜೊತೆ ತಿಂದೆ. ಚಿಪ್ಪಿನ ಎರಡು ಹೋಳು ಕಲ್ಲಿನ ಬುಡದಲ್ಲೇ ಬಿದ್ದಿದ್ದವು. ಅವನ್ನು ಎತ್ತಿ ಎಸೆಯುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ. ಹಾಗೇ ಬಿಟ್ಟು ಬಸ್ಸು ಹಿಡಿದೆ.

ಆಮೇಲೆ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಸಿರುಗುಪ್ಪಕ್ಕೆ ಹಾಕಿದರು. ಅಲ್ಲಿ ಮಲೇರಿಯಾ ಹಿಡಿಯಿತು. ಮಳೆಗಾಲವೆಲ್ಲ ಕ್ವಿನೈನು ನುಂಗುತ್ತ ಬಿದ್ದುಕೊಂಡಿದ್ದೆ. ಅಜ್ಜನಿಗೆ ಕಾಗದ ಬರೆಯಲು ಬಾರದು. ಕುರುಗೋಡಿನಲ್ಲಿ ಏನಾಗುತ್ತಿದೆಯೆಂದು ತಿಳಿಯುವ ದಾರಿಯಿರಲಿಲ್ಲ.

ಇನ್‌ಸ್ಪೆಕ್ಟರರು ಬಂದದ್ದು ಕಾರ್ತಿಕದಲ್ಲಿ. ತೆಲುಗಿನವರು, ಮೃದು ಮಾತಿನವರು. ಅವರನ್ನೂ ಹೆಡ್ಮಾಸ್ಟರನ್ನೂ ಕುರುಗೋಡಿನಲ್ಲಿ ಬಸ್ಸಿಳಿಸಿ ಜಟಕಾದಲ್ಲಿ ಕೆರೆಯ ಕಡೆ ಕರೆದುಕೊಂಡು ಹೋದೆ. ಬೇವಿನ ಮರ ಕಂಡಿತು. ಕಲ್ಲು ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ನಾಲ್ಕು ಕಲ್ಲುಕಂಬದ ಮಾಡು. ಮಾಡಿನೊಳಗೆ ಹಸಿರು ಸೀರೆ ಸುತ್ತಿದ, ಎಣ್ಣೆಯಿಂದ ಜಿನುಗುವ ಒಂದು ಕಪ್ಪು ಗಡ್ಡೆ. ಅದಕ್ಕೆ ಎರಡು ಹಿತ್ತಾಳೆಯ ಕಣ್ಣು ಅಂಟಿಸಿದ್ದರು. ಮೂಗಿಗೆ ನತ್ತು. ದನ ಕಾಯಲು ಹೋಗಿ ಸತ್ತ ಮೀಸೆಯ ಗಂಡಸು ಕರೆವ್ವ ಎಂಬ ದೇವಿಯಾಗಿ ಕೂತಿದ್ದ.

ಆದದ್ದಿಷ್ಟೇ. ಯುಗಾದಿಯ ಬೆಳಗ್ಗೆ ನೀರಿಗೆ ಬಂದ ಹೆಂಗಸರು ನೋಡಿದ್ದಾರೆ. ಕಲ್ಲು ಕಪ್ಪಗೆ ಎಣ್ಣೆಯಲ್ಲಿ ಮಿಂದಿದೆ, ಮುಂದೆ ಕಾಯಿ ಒಡೆದಿದೆ, ಎಮ್ಮೆಯನ್ನು ಯಾರೋ ದೂರ ಕಟ್ಟಿದ್ದಾರೆ. ಯಾರೋ ಕಂಡುಕೊಂಡು ಪೂಜೆ ಮಾಡಿ ಹೋಗಿದ್ದಾರೆ ಎಂದರೆ ಅಲ್ಲಿ ಏನೋ ಇದೆ ಎಂದರ್ಥ. ಒಬ್ಬಾಕೆ ಕುಂಕುಮ ಹಚ್ಚಿದಳು. ಜ್ವರ ಬಂದ ಕೂಸಿನ ತಾಯಿ ಹರಕೆ ಹೊತ್ತಳು, ಜ್ವರ ಇಳಿಯಿತು. ಆ ಮೇಲೆ ಎಣ್ಣೆ ನಿಲ್ಲಲಿಲ್ಲ.

ಅಜ್ಜ ಎಲ್ಲಿ ಎಂದು ನೋಡಿದೆ. ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ, ತೊಳೆದ ಅಂಗಿ ಹಾಕಿಕೊಂಡು, ರುಮಾಲು ಸುತ್ತಿಕೊಂಡು ನಿಂತಿದ್ದ. ಸಾಹೇಬರು ಬರುವ ಸುದ್ದಿ ಆತನಿಗೆ ಹೇಗೋ ಮುಟ್ಟಿತ್ತು. ಬಳಿಗೆ ಹೋದೆ.

"ಈ ಕಟ್ಟಿ ಕಲ್ಲು ಕಡದವ ನಾನ," ಎಂದ. "ಕೆಲಸ ಮುಗಿಯೋತನಕ ಬಾ ಬಾ ಅಂದ್ರು. ಮುಗಿದ ದಿನ ದೂರ ನಿಂದ್ರು ಅಂದ್ರು."

ಎಮ್ಮೆ ಕಟ್ಟಿದ್ದಾಗ ಆತ ಮುಟ್ಟಿದರೆ ಆ ಕಲ್ಲಿಗೆ ಮೈಲಿಗೆಯಾಗುತ್ತಿರಲಿಲ್ಲ. ವಾಪಸು ಬಂದು ಪೂಜಾರಿಯ ಮುಂದೆ, ಸೇರಿದ್ದ ಜನದ ಮುಂದೆ, ಇನ್‌ಸ್ಪೆಕ್ಟರರ ಮುಂದೆಯೇ ಎಲ್ಲ ಹೇಳಿಬಿಟ್ಟೆ. ಎಣ್ಣೆ ಹಚ್ಚಿದವನು ನಾನು. ಕಾಡಿಗೆ ನಮ್ಮ ಮನೆಯದು. ಕಾಯಿ ಒಡೆದದ್ದು ಹಸಿವಿಗೆ. ಇದು ವೀರಗಲ್ಲು, ಇದರಲ್ಲಿರುವವನು ಗಂಡಸು, ಎಣ್ಣೆ ತೆಗೆದರೆ ಮೀಸೆ ತೋರಿಸುತ್ತೇನೆ.

ಜನ ಸಿಟ್ಟಾಗಬಹುದು, ಹೊಡೆಯಲೂಬಹುದು ಎಂದುಕೊಂಡಿದ್ದೆ. ಅವರ ಮುಖದಲ್ಲಿ ಬಂದದ್ದು ಭಕ್ತಿ. ಪೂಜಾರಿ ನನ್ನ ಕಾಲಿಗೇ ಬಿದ್ದ.

"ನೀವೇ ಏನ್ರಿ ಅವ್ರು! ಆರು ತಿಂಗಳಾತು ಹುಡುಕಾಕ ಹತ್ತಿ. ನಿಮ್ಮ ಕೈಲೆ ಮಾಡಿಸ್ಕೊಂಡಾಳ ನೋಡ್ರಿ ಅಕಿ. ಹಸಿವು ಕೊಟ್ಟಾಕಿನೂ ಅಕೀನ."

ನನ್ನ ಕೊರಳಿಗೆ ಹಾರ ಹಾಕಿದರು. ಮೊದಲ ಕಾಯಿ, ಮೊದಲ ಪ್ರಸಾದ ನನಗೆ. ಇನ್‌ಸ್ಪೆಕ್ಟರರು ಚಪ್ಪಲಿ ಬಿಟ್ಟು ಕೈಮುಗಿದು, "ಚಾಲಾ ಬಾಗುಂದಂಡಿ," ಬಹಳ ಚೆನ್ನಾಗಿದೆ, ಎಂದರು. ಗುಡಿಗಳಿಗೆ ಎಲ್ಲರೂ ಹೋಗಬಹುದೆಂಬ ಕಾನೂನು ಅಷ್ಟರಲ್ಲಿ ಬಂದಾಗಿತ್ತು. ನನಗೆ ಅದು ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಮುದುಕನನ್ನು ಕರೆಯಿರಿ, ಇದನ್ನು ತೋರಿಸಬೇಕಾದವನು ಆತ ಎಂದು ನಾನು ಹೇಳಬೇಕಿತ್ತು. ಹಾರ ಹಾಕಿಸಿಕೊಂಡ ಕತ್ತು ಎತ್ತಿ ಆ ಒಂದು ಮಾತು ಆಡಲು ನನ್ನಿಂದಾಗಲಿಲ್ಲ. ಪ್ರಸಾದ ತಿಂದೆ. ತಿರುಗಿ ನೋಡಿದಾಗ ಅಜ್ಜ ಅಲ್ಲಿರಲಿಲ್ಲ.

ಮನೆಗೆ ಬಂದು ಹೇಳಿದರೆ, "ಗಣಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿ ಬಂದ್ರೇನು," ಎಂದು ಹೆಂಡತಿ ನಗಲು ಶುರು ಮಾಡಿದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ಇದರಲ್ಲಿ ಗೆದ್ದವನು ನಾನೇ. ಇನ್‌ಸ್ಪೆಕ್ಟರರು ನನ್ನ ಪಾಠಗಳನ್ನು ಮೆಚ್ಚಿ, ಶನಿವಾರ ಅರ್ಧ ಗಂಟೆ ಹೇಳಿಕೊಳ್ಳಿ ಎಂದು ಬರೆದು ಹೋದರು. ನಾನು ಬರೆದ ವೀರಗಲ್ಲಿನ ಚಿತ್ರವನ್ನು ಕಟ್ಟು ಹಾಕಿಸಿ ತರಗತಿಯ ಗೋಡೆಗೆ ತೂಗುಹಾಕಿದರು. ಶನಿವಾರ ಅದರ ಮುಂದೆ ನಿಂತು, ಮಕ್ಕಳೇ, ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎನ್ನುತ್ತಿದ್ದೆ. ಎಡಗಡೆಯ ಆಕಳು ಅಪ್ಪ ಕೆತ್ತಿದ್ದು, ಬಲಗಡೆಯದು ಮಗ ಕೆತ್ತಿದ್ದು ಎನ್ನುತ್ತಿದ್ದೆ. ಒಂದು ಶನಿವಾರ ಕೋಲು ಹಿಡಿದು ತೋರಿಸುತ್ತಿದ್ದಾಗ ನನಗೇ ಕಂಡಿತು, ಎರಡು ಆಕಳೂ ಒಂದೇ ಥರ ಇದ್ದವು. ಎರಡನ್ನೂ ಬರೆದದ್ದು ನನ್ನ ಕೈ. ಮದರಾಸಿನಲ್ಲಿ ಪಳಗಿದ ಕೈ. ಅಪ್ಪನೂ ಇರಲಿಲ್ಲ, ಮಗನೂ ಇರಲಿಲ್ಲ. ಮಕ್ಕಳು ಸುಮ್ಮನೆ ಬರೆದುಕೊಂಡರು. ಅದಾದ ಮೇಲೂ ನಾನು ಆ ಪಾಠವನ್ನು ವರ್ಷ ವರ್ಷ ಹೇಳಿದೆ, ಬೇರೆ ಏನು ಹೇಳಬೇಕೆಂದು ತೋಚದೆ.

ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಗದ್ದಲ ಜೋರಾಗಿದ್ದ ದಿನಗಳಲ್ಲಿ, ಸಾಲೆಗೆ ರಜೆ ಸಿಕ್ಕಿತೆಂದು ಒಮ್ಮೆ ಕುರುಗೋಡಿಗೆ ಹೋದೆ. ಅಷ್ಟು ವರ್ಷ ಆತನ ಎದುರಿಗೆ ಹೋಗಲು ನನಗೆ ಮುಖವಿರಲಿಲ್ಲ. ಅಜ್ಜ ಕೇರಿಯ ತುದಿಯಲ್ಲಿ ಕೂತಿದ್ದ. ಚಾಣ ಹಿಡಿಯುವುದನ್ನು ಬಿಟ್ಟಿದ್ದ, ಕಣ್ಣಿಗೆ ಪೊರೆ ಬಂದಿತ್ತು. ನನ್ನ ದನಿಯಿಂದ ಗುರುತು ಹಿಡಿದ. ಬೈಯಲಿಲ್ಲ. ಮಕ್ಕಳಿಗೆ ಪಾಠ ನಡೆದಿದೆಯೇ ಎಂದು ಕೇಳಿದ. ನಡೆದಿದೆ ಎಂದೆ.

"ಚಲೋ ಆತು," ಎಂದವನು, "ಮೇಷ್ಟ್ರ, ನೀವು ಮ್ಯಾಲೆ ಹೋಗಬೌದಲ್ರಿ. ನಿಮ್ಮನ್ನ ಯಾರು ತಡೀತಾರ. ಹೋಗಿ ಆ ಎಡಕಿನ ಆಕಳ ಮಣಕಾಲಾಗ ಬೆರಳಿಟ್ಟು ನೋಡ್ರಿ. ಗಂಟು ಐತೇನು ಇನ್ನ?" ಎಂದ.

ಹೋದೆ. ನನ್ನನ್ನು ಕಂಡೊಡನೆ ಪೂಜಾರಿ ಬದಿಗೆ ಸರಿದ. ಅಡ್ಡಬಿದ್ದವನ ಹಾಗೆ ಬಗ್ಗಿ, ಸೀರೆಯ ಅಂಚಿನ ಕೆಳಗೆ ಕೈ ತೂರಿಸಿ ತಡಕಿದೆ. ವರ್ಷಗಳ ಎಣ್ಣೆ, ಬೂದಿ, ಕುಂಕುಮ ಕೂಡಿ ಗಟ್ಟಿ ಮೇಣವಾಗಿತ್ತು. ಉಗುರು ಊರಿದೆ. ಆಕಳು ಎಲ್ಲಿ ಶುರುವಾಗುತ್ತದೆಂದೇ ತಿಳಿಯಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ಎದ್ದು ಬಂದೆ.

ಕೇರಿಗೆ ಬರುವವರೆಗೂ ಏನು ಹೇಳಲಿ ಎಂದು ಯೋಚಿಸಿದೆ. ಮುದುಕ ಇನ್ನೆಷ್ಟು ದಿನ ಇದ್ದಾನು. ಹತ್ತಿರ ಕೂತು, "ಐತಜ್ಜ. ಹಂಗ ಐತಿ," ಎಂದೆ.

ಆತ ಕೈ ಚಾಚಿದ. ಅಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಮುಟ್ಟದವನು ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ತುದಿಯವರೆಗೆ ಸವರಿ ನೋಡಿದ. ಉಗುರಿನ ಸಂದಿಯನ್ನೂ ನೋಡಿದ.

"ಇಲ್ಲ ಮೇಷ್ಟ್ರ," ಎಂದ. "ಈ ಕೈ ಕಲ್ಲು ಮುಟ್ಟಿಲ್ಲ. ಬರೇ ಎಣ್ಣಿ ಮುಟ್ಟೇತಿ."

ನನ್ನ ಕೈಯನ್ನು ಆತ ಕೂಡಲೇ ಬಿಡಲಿಲ್ಲ. ನಾನೂ ಎಳೆದುಕೊಳ್ಳಲಿಲ್ಲ.